ಆರನೆಯ ಅಕ್ಷರ

ಜಾರ್ಜಿಯಾದ ನಮ್ಮೂರ ಪಕ್ಕ ಒಂದು ನದಿ, ಫ್ಲಿಂಟ್ ಅಂತ.
ಹೆಸರೇನೋ ಚಕಮಕಿ ಕಲ್ಲಿನದು;
ಕಿಡಿ ಹಾರಿದ್ದನ್ನು ಯಾರೂ ಕಂಡಿರಲಿಲ್ಲ.
ಕೆಸರುಬಣ್ಣದ ನೀರು, ತನ್ನ ಪಾಡಿಗೆ ಹೋಗುತ್ತಿತ್ತು.

ಲೆಮ್ಯುಯೆಲ್ ಟಿಸ್ಡೇಲ್ ಹಗಲು ಜೋಡು ಹೊಲಿಯುತ್ತಿದ್ದ,
ಕರಿಯರದ್ದು, ಬಿಳಿಯರದ್ದು, ಒಂದೇ ದಾರ.
ರಾತ್ರಿ ಹಿಂದಿನ ಕೋಣೆಯಲ್ಲಿ ಅಕ್ಷರ ಕಲಿಸುತ್ತಿದ್ದ,
ಓಟಿನ ಪಟ್ಟಿಗೆ ಹೆಸರು ಸೇರಬೇಕಲ್ಲ.
ಸೀಮೆಸುಣ್ಣ ಇತ್ತು, ಹಲಗೆ ಇರಲಿಲ್ಲ.
ಹೆಂಗಸರು ಬೇಕೆಂದೇ ಹಿಮ್ಮಡಿ ಸಡಿಲಿಸಿಕೊಂಡು ಬರುವರು;
ರಿಪೇರಿಯಾದ ಅಟ್ಟೆಯ ಮೇಲೆ ವಾರಕ್ಕೊಂದು ಅಕ್ಷರ:
'ಮನೆ ಮುಟ್ಟುವಷ್ಟರಲ್ಲಿ ಕಾಲಡಿ ಸವೆದಿರಬೇಕು,
ತಲೆಯಲ್ಲಿ ಉಳಿದಿರಬೇಕು.'

ಅವ್ವನ ಹೆಸರು ಆರ್ಡಿತ್. ಇಂಗ್ಲಿಷಿನಲ್ಲಿ ಬರೆದರೆ ಆರು ಅಕ್ಷರ.
ಐದನ್ನು ತುಳಿದುಕೊಂಡು ಮನೆಗೆ ಬಂದಿದ್ದಳು.

ಆರನೆಯ ವಾರ, ಗುರುವಾರ,
ಸೇತುವೆಯ ಬಳಿ ಅವನ ಟ್ರಕ್ಕು ಸಿಕ್ಕಿತು, ದೀಪ ಉರಿಯುತ್ತಲೇ ಇತ್ತು.
ಎರಡು ದಿನ ಬಿಟ್ಟು ಅವನು ಸಿಕ್ಕ.

'ಅಪರಿಚಿತ ವ್ಯಕ್ತಿಗಳಿಂದ' ಎಂದಿತು ಪಂಚನಾಮೆ.
ಸಾವಿರದ ಇನ್ನೂರು ಜನರ ಊರು;
ಯಾರ ನಾಯಿ ಯಾರ ಹಿತ್ತಿಲಲ್ಲಿ ಮರಿ ಹಾಕಿತೆಂದು ಎಲ್ಲರಿಗೂ ಗೊತ್ತು.
ಆ ಅಪರಿಚಿತರಲ್ಲೊಬ್ಬ ನಮಗೆ ಹಾಲು ಹಾಕುತ್ತಿದ್ದ.
ಮರುದಿನವೂ ಹಾಕಿದ.
ಅವ್ವ ಬಾಟಲಿ ಒಳಗೆ ತಂದು ಕೆಡುವ ತನಕ ನೋಡುತ್ತ ಕೂತಳು.
ಕಡತ ಮುಚ್ಚಿದ ನ್ಯಾಯಾಧೀಶರ ಕಾಲಲ್ಲಿ
ಟಿಸ್ಡೇಲ್ ಹೊಲಿದ ಅಟ್ಟೆ. ಕಿರ್ ಎನ್ನಲಿಲ್ಲ.
ಕೆಲಸ ಅಷ್ಟು ಚೊಕ್ಕ.

ನನಗಾಗ ಒಂಬತ್ತು.
ಒಬ್ಬನನ್ನು ಕೊಂದರೆ ಒಬ್ಬ ಸಾಯುತ್ತಾನೆ ಅಂದುಕೊಂಡಿದ್ದೆ.

ಬಿಳಿಯರ ಬೀದಿಯಿಂದ ಆಳುಗಳು ಬಂದು
ಧಣಿಗಳ ಜೋಡು ಒಯ್ದರು, ಚಿಲ್ಲರೆ ಎಣಿಸಿ ಕೊಟ್ಟರು,
ಅವನ ಹೆಂಡತಿ ಒಡೆಸ್ಸಾಳ ಮುಖ ನೋಡಲಿಲ್ಲ.
ನಮ್ಮವರ ನಲವತ್ತಮೂರು ಜೊತೆ ಅಲ್ಲೇ ಉಳಿದವು.
ಚೀಟಿ ತೋರಿಸಿದರೆ ಹೆಸರು ತೋರಿಸಿದಂತೆ,
ಹಾಲಿನವನಿಗೆ ಮನೆ ಮೊದಲೇ ಗೊತ್ತು.
ಚೀಟಿಗಳು ಒಲೆ ಸೇರಿದವು.
ಆ ಚಳಿಗಾಲ ಚರ್ಚಿನಲ್ಲಿ ಯಾರೂ ಯಾರ ಕಾಲನ್ನೂ ನೋಡಲಿಲ್ಲ;
ಡೀಕನ್ ಪ್ರಾಥರ್ ಜೋಡಿನೊಳಗೆ ರಟ್ಟು, ರಟ್ಟಿನೊಳಗೆ ನೀರು.

ಅವನು ಯಾವ ದಾರಿಯಲ್ಲಿ ಬರುತ್ತಾನೆಂದು ಹೇಳಿದವರು ಯಾರು?
ಪ್ರಶ್ನೆ ತಟ್ಟೆಯ ಪಕ್ಕ ಚಮಚದ ಹಾಗೆ ದಿನಾ ಕೂರುತ್ತಿತ್ತು.
ಚಿಕ್ಕಪ್ಪ ಕೆಲಸ ಹುಡುಕಿಕೊಂಡು ಡೆಟ್ರಾಯಿಟಿಗೆ ಹೋದ;
ಹೋದದ್ದಕ್ಕೇ ಅವನಿರಬೇಕು ಅಂದರು.
ಇದ್ದಿದ್ದರೂ ಅನ್ನುತ್ತಿದ್ದರು.
ನಾವು ಮಕ್ಕಳು ಹೊಸ ಆಟ ಕಟ್ಟಿದೆವು:
ಒಬ್ಬರು ಕಾಣೆಯಾಗಬೇಕು,
ಉಳಿದವರು 'ನೋಡಿಲ್ಲ' ಅನ್ನಬೇಕು, ನಗಬಾರದು.
ಪ್ರತಿ ಸಲ ನಾನೇ ಗೆಲ್ಲುತ್ತಿದ್ದೆ.

ಫೆಬ್ರವರಿಯಲ್ಲಿ ಮಿಸ್ ಯೂಲಾ,
ಎಪ್ಪತ್ತೊಂದು ವರ್ಷ, ಮಾತಿಗಿಂತ ಕೆಮ್ಮೇ ಹೆಚ್ಚು,
ನಡುಹಗಲು ದೊಡ್ಡ ಬೀದಿಯಲ್ಲಿ ಬರಿಗಾಲಲ್ಲಿ ನಡೆದು ಹೋಗಿ
'ನನ್ನ ಜೋಡು ಕೊಡೇ' ಅಂದಳು, ಬ್ಯಾಂಕಿನವರೆಗೆ ಕೇಳುವ ಹಾಗೆ.
ಮೆಟ್ಟಿಕೊಂಡು ಬಂದಳು. ಅಷ್ಟೇ.
ಮರುದಿನ ಇಬ್ಬರು. ಮುಂದಿನ ವಾರ ಯಾರೂ ಇಲ್ಲ.
ಆಮೇಲೆ ಒಮ್ಮೆಗೇ ಏಳು ಜನ.
ಆ ಅಟ್ಟೆಗಳ ಅಕ್ಷರ ಕೂಡಿಸಿದರೆ ಏನಾದರೂ ಪದವಾಗುತ್ತಿತ್ತೇ
ಎಂದು ಮೊಮ್ಮಗಳು ಕೇಳುತ್ತಾಳೆ.
ಇಲ್ಲ ಮಗಳೇ. ಎಷ್ಟೋ ಅಳಿಸಿಯೇ ಹೋಗಿದ್ದವು.

ಅವ್ವ ಹೋಗಲಿಲ್ಲ. ಇದನ್ನೂ ಹೇಳಬೇಕು.
ಕೊನೆಗೆ ಒಡೆಸ್ಸಾಳೇ ತಂದು ಮೆಟ್ಟಿಲ ಮೇಲಿಟ್ಟು,
ಬಾಗಿಲು ತಟ್ಟದೆ ಹೊರಟುಹೋದಳು.
ಅಟ್ಟೆಯ ಮೇಲೆ ಆರನೆಯದು, ಬೆಳ್ಳಗೆ, ಹಾಗೇ ಇತ್ತು.
ಅವ್ವ ಆ ಜೋಡನ್ನು ಮೆಟ್ಟಲಿಲ್ಲ.

ಕಾನೂನು ಬಂತು. ಹೊರಗಿನಿಂದ ಬಂದ ಎಳೆಯ ಗುಮಾಸ್ತ
ಪೆನ್ನು ಮುಂದೆ ಚಾಚಿದ.
ಅವ್ವ ಐದು ಅಕ್ಷರ ಬರೆದು ಪೆನ್ನು ಕೆಳಗಿಟ್ಟಳು.
'ಒಂದು ಬಿಟ್ಟುಹೋಗಿದೆ, ಅಮ್ಮಾ,' ಅಂದ.
'ಗೊತ್ತು,' ಅಂದಳು.